ಹೊಗಳಿಕೆಯ ಕೂಲಿ

ಒಂದು ದುಡಿಮೆಯ ನೀತಿಯನ್ನು ಅರಿಯಬೇಕಾದರೆ ಅದರಲ್ಲಿ ಮಾರಾಟವಾಗುವುದೇನು ಎಂದು ಮೊದಲು ಕೇಳಬೇಕು. ಹಮಾಲ ತನ್ನ ಬೆನ್ನಿನ ಬಲವನ್ನು ಮಾರುತ್ತಾನೆ. ಬಡಗಿ ಕೈಯ ಕುಶಲತೆಯನ್ನು ಮಾರುತ್ತಾನೆ. ಜಾಹೀರಾತಿನ ಕೆಲಸ ಮಾಡುವವರು ಮಾರುವುದೇನನ್ನು? ಬಣ್ಣ, ಕಾಗದ, ಅಕ್ಷರ ಎಂದು ಮೇಲ್ನೋಟಕ್ಕೆ ಹೇಳಬಹುದು. ಆದರೆ ಅವರು ನಿಜಕ್ಕೂ ಮಾರುವುದು ಒಂದು ಮಾತನ್ನು. ‘ಇದು ಒಳ್ಳೆಯದು, ನಂಬಬಹುದು’ ಎಂಬ ಮಾತನ್ನು. ಇನ್ನೊಬ್ಬರ ಸರಕಿನ ಪರವಾಗಿ ಕೂಲಿ ಪಡೆದು ಆಡುವ ಈ ಮಾತು ಒಂದು ಬಗೆಯ ಸಾಕ್ಷ್ಯ. ಸಾಕ್ಷ್ಯ ಸುಳ್ಳಾದಾಗ ಅದರ ಹೊಣೆ ಹೊರಬೇಕಾದವರು ಯಾರು? ದುಡ್ಡು ಕೊಟ್ಟು ಹೇಳಿಸಿದವರೋ, ದುಡ್ಡು ಪಡೆದು ಹೇಳಿದವರೋ?

ಈ ಪ್ರಶ್ನೆಯನ್ನು ಮಹಾನಗರದ ದೊಡ್ಡ ಕಂಪೆನಿಗಳಿಗೆ ಕೇಳುವುದು ಸುಲಭ. ನಮ್ಮ ಊರುಗಳಲ್ಲಿ ಕೇಳುವುದು ಕಷ್ಟ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದಲ್ಲಾಗಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಾಗಲಿ ಜಾಹೀರಾತು ಏಜೆನ್ಸಿ ಎಂದರೆ ಬಹುಮಟ್ಟಿಗೆ ಒಂದು ಮಳಿಗೆ, ಒಂದೆರಡು ಕಂಪ್ಯೂಟರ್, ಡಿಸೈನ್ ಮಾಡುವ ಒಬ್ಬ ಹುಡುಗ, ಆರ್ಡರ್ ತರಲು ಮತ್ತು ಬಾಕಿ ವಸೂಲಿ ಮಾಡಲು ಅಲೆಯುವ ಒಬ್ಬ ಮಾಲೀಕ. ಫ್ಲೆಕ್ಸ್, ಕರಪತ್ರ, ಮೈಕ್ ಕಟ್ಟಿದ ಆಟೊಗೆ ಧ್ವನಿಮುದ್ರಣ, ಸ್ಥಳೀಯ ಪತ್ರಿಕೆಗೆ ಜಾಹೀರಾತು, ಈಗ ಮೊಬೈಲಿನಲ್ಲಿ ಹರಿದಾಡುವ ವೀಡಿಯೊ, ಎಲ್ಲವೂ ಅಲ್ಲಿಯೇ ಸಿದ್ಧವಾಗುತ್ತವೆ. ಗವಿಸಿದ್ಧೇಶ್ವರ ಜಾತ್ರೆಗೆ ಶುಭ ಕೋರುವ ಫ್ಲೆಕ್ಸನ್ನೂ ಈದ್ ಶುಭಾಶಯದ ಫ್ಲೆಕ್ಸನ್ನೂ ಒಂದೇ ಯಂತ್ರ ಮುದ್ರಿಸುತ್ತದೆ. ಪರೀಕ್ಷಾ ಫಲಿತಾಂಶದ ಕಾಲ, ಮದುವೆಯ ಕಾಲ, ಚುನಾವಣೆಯ ಕಾಲ ಇವೇ ಈ ವೃತ್ತಿಯ ಸುಗ್ಗಿಗಳು. ಉಳಿದ ದಿನಗಳಲ್ಲಿ ಬಾಡಿಗೆ ಮತ್ತು ವಿದ್ಯುತ್ ಬಿಲ್ಲಿನದೇ ಚಿಂತೆ.

ಫ್ಲೆಕ್ಸ್ ಬರುವ ಮುಂಚೆ ಈ ಕೆಲಸವನ್ನು ಕುಂಚ ಹಿಡಿದ ಪೇಂಟರುಗಳು ಮಾಡುತ್ತಿದ್ದರು. ಊರ ಗೋಡೆಗಳ ಮೇಲೆ ಸಿಮೆಂಟು, ಗೊಬ್ಬರ, ಬಿತ್ತನೆ ಬೀಜ, ಚಹಾಪುಡಿಗಳ ಹೆಸರನ್ನು ಬಿಸಿಲಿನಲ್ಲಿ ನಿಂತು ಬರೆಯುತ್ತಿದ್ದರು. ಅವರಲ್ಲಿ ಮುಸ್ಲಿಮರೂ ಇದ್ದರು. ಬರಹ ಮುಗಿದ ಮೇಲೆ ಪೇಂಟರ್ ಕೆಳಗಿನ ಮೂಲೆಯಲ್ಲಿ ತನ್ನ ‘ಆರ್ಟ್ಸ್’ನ ಹೆಸರನ್ನು ಚಿಕ್ಕದಾಗಿ ಬರೆಯುತ್ತಿದ್ದ. ಅದು ಅವನ ಸ್ವಂತ ಪ್ರಚಾರವೆಂದು ನಾವು ತಿಳಿದಿದ್ದೆವು. ಆದರೆ ಅದಕ್ಕೆ ಇನ್ನೊಂದು ಅರ್ಥವೂ ಇದೆ. ‘ಇದನ್ನು ಬರೆದವನು ನಾನು, ಇದೇ ಊರಿನವನು, ಕೇಳಬೇಕಾದರೆ ಬಂದು ಕೇಳಿ’ ಎಂಬ ಒಪ್ಪಿಗೆ ಅದರಲ್ಲಿದೆ.

ಇಂದು ಜಾಹೀರಾತು ಸುಳ್ಳೆಂದು ತಿಳಿದು ಯಾರಾದರೂ ಮಳಿಗೆಗೆ ಬಂದರೆ ಸಿದ್ಧವಾದ ಒಂದು ಉತ್ತರವಿದೆ: “ಪಾರ್ಟಿಯವ್ರು ಕೊಟ್ಟಿದ್ದನ್ನ ಹಾಕೇವ್ರಿ, ನಮಗೇನು ಗೊತ್ತು?” ಇದು ಪೂರ್ತಿ ಸುಳ್ಳು ಉತ್ತರವಲ್ಲ. ಪಾರ್ಟಿ ಕೊಟ್ಟ ಪ್ರತಿಯೊಂದು ವಾಕ್ಯವನ್ನೂ ತನಿಖೆ ಮಾಡುವ ಶಕ್ತಿ ಇಬ್ಬರು ಮೂವರ ಮಳಿಗೆಗೆ ಇರುವುದಿಲ್ಲ. ಆದರೆ ‘ನಾವು ಬರೀ ಅಚ್ಚು ಹಾಕುವವರು’ ಎಂಬ ಮಾತನ್ನು ಕಾನೂನು ಎಂದೂ ಪೂರ್ತಿಯಾಗಿ ಒಪ್ಪಿಲ್ಲ. ಅಚ್ಚಾದ ಹಾಳೆಯ ಮೇಲೆ ಮುದ್ರಕನ ಹೆಸರು ಮತ್ತು ಸ್ಥಳ ಇರಬೇಕೆಂದು 1867ರ ಮುದ್ರಣಾಲಯ ಕಾಯ್ದೆಯೇ ವಿಧಿಸಿತ್ತು. ಚುನಾವಣೆಯ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸಗಳು ಇರಲೇಬೇಕೆಂದು ಜನಪ್ರತಿನಿಧಿ ಕಾಯ್ದೆಯ 127ಎ ವಿಧಿ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ 2022ರಲ್ಲಿ ಬಂದ ಮಾರ್ಗಸೂಚಿಗಳು ದಾರಿ ತಪ್ಪಿಸುವ ಜಾಹೀರಾತುಗಳ ವಿಷಯದಲ್ಲಿ ಜಾಹೀರಾತು ಏಜೆನ್ಸಿಗಳನ್ನೂ ಹೆಸರಿಸಿ ಒಳಗೊಂಡಿವೆ. ಮಾತನ್ನು ಹೊತ್ತು ತಂದವನಿಗೂ ಆ ಮಾತಿನಲ್ಲಿ ಪಾಲಿದೆ ಎಂಬುದು ಇವೆಲ್ಲದರ ತಾತ್ಪರ್ಯ.

ಕಾನೂನಿಗಿಂತ ಬಹಳ ಹಿಂದೆ, ಮದೀನಾದ ಮಾರುಕಟ್ಟೆಯಲ್ಲಿ ಇದೇ ವಿಷಯ ಎದ್ದಿತ್ತು. ಪ್ರವಾದಿ ಮುಹಮ್ಮದ್(ಸ)ರು ಒಬ್ಬ ವ್ಯಾಪಾರಿಯ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದರು. ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲ್ಗಡೆಯೇ ಏಕೆ ಇಡಲಿಲ್ಲವೆಂದು ಪ್ರವಾದಿ(ಸ)ರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಆ ವ್ಯಾಪಾರಿ ಒಂದು ಸುಳ್ಳು ಮಾತನ್ನೂ ಆಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೇಳಿದಾಗ ನಿಜವನ್ನೇ ಹೇಳಿದ. ಒಣಗಿದ್ದು ಮೇಲಕ್ಕೆ, ತೇವದ್ದು ಕೆಳಕ್ಕೆ ಬಂದಿತ್ತು, ಅಷ್ಟೇ. ಅಂದರೆ ವಂಚನೆ ಮಾತಿನಲ್ಲಿ ಮಾತ್ರ ಇರುವುದಿಲ್ಲ, ಜೋಡಣೆಯಲ್ಲೂ ಇರುತ್ತದೆ. ಜಾಹೀರಾತಿನ ಕೆಲಸವೋ, ಜೋಡಣೆಯ ಕೆಲಸವೇ. ಯಾವುದು ದೊಡ್ಡ ಅಕ್ಷರದಲ್ಲಿ ಮೇಲೆ ಬರಬೇಕು, ಯಾವುದು ‘ಷರತ್ತುಗಳು ಅನ್ವಯ’ವೆಂದು ಇರುವೆ ಗಾತ್ರದಲ್ಲಿ ಕೆಳಗೆ ಹೋಗಬೇಕು ಎಂಬುದನ್ನು ಅಲ್ಲಿಯೇ ನಿರ್ಧರಿಸಲಾಗುತ್ತದೆ.

ಗಂಗಾವತಿಯವರಿಗೆ ಧಾನ್ಯದ ರಾಶಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಅಲ್ಲಿನ ಅಕ್ಕಿ ಗಿರಣಿಗಳಿಗೆ ಬರುತ್ತದೆ. ಖರೀದಿದಾರ ಚೀಲದ ಬಾಯಿ ನೋಡಿ ದರ ಹೇಳುವುದಿಲ್ಲ. ಮೊನಚಾದ ಕೊಳವೆಯನ್ನು ಚೀಲದೊಳಕ್ಕೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಹಲ್ಲಿನಲ್ಲಿ ಕಚ್ಚಿ ನೋಡುತ್ತಾನೆ. ಆದರೆ ಯಲಬುರ್ಗಾದ ಹಳ್ಳಿಯೊಂದರಲ್ಲಿ ಮಗಳ ಕಾಲೇಜಿಗಾಗಿ ಕರಪತ್ರ ಓದುವ ತಾಯಿಯ ಕೈಯಲ್ಲಿ ಅಂಥ ಕೊಳವೆ ಇಲ್ಲ. ಮಳೆ ಕೈಕೊಟ್ಟಾಗ ಗೋವಾಕ್ಕೋ ಮಂಗಳೂರಿಗೋ ಹೋಗಿ ದುಡಿದು ತಂದ ಹಣದಲ್ಲಿ ನಿವೇಶನ ಕೊಳ್ಳಲು ಹೊರಟ ಕುಷ್ಟಗಿಯ ಕೂಲಿಕಾರನ ಕೈಯಲ್ಲೂ ಇಲ್ಲ. ಅವರಿಗೆ ಕಾಣುವುದು ರಾಶಿಯ ಮೇಲ್ಭಾಗ ಮಾತ್ರ.

ಹಾಗಾದರೆ ಹೊಗಳುವುದೇ ಪಾಪವೇ? ಅಲ್ಲ. ಇಟಗಿಯ ಮಹಾದೇವ ದೇವಾಲಯವನ್ನು ಅಲ್ಲಿನ 1112ರ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಕಟ್ಟಿಸಿದವನು ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅವನ ಗುಡಿಯ ಹೊಗಳಿಕೆ ಅವನ ಗುಡಿಯ ಶಾಸನದಲ್ಲೇ ಇದೆ. ಆದರೂ ಒಂಬೈನೂರು ವರ್ಷಗಳ ನಂತರವೂ ಆ ಮಾತು ಯಾರನ್ನೂ ಮೋಸಗೊಳಿಸಿಲ್ಲ. ಏಕೆಂದರೆ ಹೊಗಳಿಕೆಯ ಪಕ್ಕದಲ್ಲೇ ಗುಡಿ ನಿಂತಿದೆ. ಓದಿದವನು ತಲೆಯೆತ್ತಿ ನೋಡಿ ತಾನೇ ತೀರ್ಮಾನಿಸಬಹುದು. ಮಿರ್ಚಿ ಅಂಗಡಿಯವನು ‘ನಮ್ಮದೇ ನಂಬರ್ ಒನ್’ ಎಂದು ಬರೆಸಿದರೂ ಕೇಡಿಲ್ಲ. ಒಂದು ಪ್ಲೇಟು ತಿಂದರೆ ಸತ್ಯ ತಿಳಿಯುತ್ತದೆ, ಮೋಸವಾದರೂ ಹೋಗುವುದು ಹತ್ತಿಪ್ಪತ್ತು ರೂಪಾಯಿ.

ಗೆರೆ ಎಳೆಯಬೇಕಾದುದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ. ಓದುಗನು ತಾನೇ ಪರೀಕ್ಷಿಸಲಾರದ, ನಂಬಿ ಕಳೆದುಕೊಂಡರೆ ಮರಳಿ ಪಡೆಯಲಾರದ ವಿಷಯದಲ್ಲಿ ಆಡುವ ಮಾತು ಹೊಗಳಿಕೆಯಾಗಿ ಉಳಿಯುವುದಿಲ್ಲ, ಸಾಕ್ಷ್ಯವಾಗುತ್ತದೆ. ಆರೋಗ್ಯ, ಭೂಮಿ, ಮಕ್ಕಳ ಓದು, ಉಳಿತಾಯ ಈ ನಾಲ್ಕೂ ಅಂಥವು. ರೋಗ ವಾಸಿಮಾಡುವ ಪವಾಡದ ಭರವಸೆಗಳನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಅದನ್ನು ಪ್ರಶ್ನಿಸಿ ಹಮ್‌ದರ್ದ್ ದವಾಖಾನಾ ಸುಪ್ರೀಂ ಕೋರ್ಟಿಗೆ ಹೋದಾಗ, 1959ರ ಡಿಸೆಂಬರಿನ ತೀರ್ಪಿನಲ್ಲಿ ನ್ಯಾಯಾಲಯ ಕಾಯ್ದೆಯ ಕೆಲವು ಭಾಗಗಳನ್ನು ತಳ್ಳಿಹಾಕಿತಾದರೂ, ಅಂಥ ವ್ಯಾಪಾರಿ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿಲ್ಲವೆಂದಿತು. 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಜಾಹೀರಾತಿಗೂ ಆ ಸ್ವಾತಂತ್ರ್ಯವನ್ನು ಒಪ್ಪಿಕೊಂಡ ಅದೇ ನ್ಯಾಯಾಲಯ, ಸುಳ್ಳು ಮತ್ತು ವಂಚನೆಯ ಜಾಹೀರಾತನ್ನು ಮಾತ್ರ ಹೊರಗೇ ಇಟ್ಟಿತು. ತೇರ್ಗಡೆಯಾದ ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನ ಹೆಸರು, ಫೋಟೊ ಬಳಸಕೂಡದೆಂದು ಕೋಚಿಂಗ್ ಕೇಂದ್ರಗಳಿಗೆ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಬಂದಿದೆ. ಒಬ್ಬನೇ ಹುಡುಗನ ಫೋಟೊ ಎರಡು ಸಂಸ್ಥೆಗಳ ಫ್ಲೆಕ್ಸಿನಲ್ಲಿ ನಗುತ್ತಿದ್ದರೆ, ಎರಡನ್ನೂ ವಿನ್ಯಾಸ ಮಾಡಿದವನಿಗೆ ಅದು ಗೊತ್ತಾಗದೆ ಇರುತ್ತದೆಯೇ?

ಉಳಿತಾಯದ ವಿಷಯದಲ್ಲಿ ನಮ್ಮ ಸಮುದಾಯ ದೊಡ್ಡ ಬೆಲೆಯನ್ನೇ ತೆತ್ತಿದೆ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಸಂಸ್ಥೆ ‘ಹಲಾಲ್’ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದು ಕುಸಿದಾಗ ಹತ್ತಾರು ಸಾವಿರ ಹೂಡಿಕೆದಾರರು ಬೀದಿಗೆ ಬಂದರು. ಮದುವೆಗೆಂದು, ಹಜ್ಜ್‌ಗೆಂದು ಕೂಡಿಟ್ಟ ಹಣ ಅದರಲ್ಲಿತ್ತು. ಬಡ್ಡಿಗೆ ಹೆದರುವ ದೇವಭಯವನ್ನೇ ಅಲ್ಲಿ ಮಾರಾಟದ ಸಾಧನ ಮಾಡಿಕೊಳ್ಳಲಾಯಿತು. ‘ಹಲಾಲ್’ ಎಂಬ ಮೂರಕ್ಷರವನ್ನು ಡಿಸೈನ್ ಮಾಡುವವನು ಅದನ್ನು ಬರೀ ಅಕ್ಷರವೆಂದು ತಿಳಿಯಬಾರದು. ಓದುವವನು ಅದನ್ನು ಅಲ್ಲಾಹನ ಹೆಸರಿನಲ್ಲಿ ಕೊಟ್ಟ ಭರವಸೆಯೆಂದೇ ಓದುತ್ತಾನೆ.

“ನಾವು ಬೇಡವೆಂದರೆ ಪಾರ್ಟಿ ಪಕ್ಕದ ಮಳಿಗೆಗೆ ಹೋಗುತ್ತಾರೆ. ಸುಳ್ಳು ನಿಲ್ಲುವುದಿಲ್ಲ, ನಮ್ಮ ಅನ್ನ ಮಾತ್ರ ನಿಲ್ಲುತ್ತದೆ” ಎಂಬ ಮಾತು ಉಳಿಯುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾಕಿ ಉಳಿಸಿಕೊಂಡ ಪಾರ್ಟಿಯನ್ನೇ ಎದುರು ಹಾಕಿಕೊಳ್ಳಲಾಗದವರಿಗೆ ಧರ್ಮ ಬೋಧಿಸುವುದು ಸುಲಭ. ಆದರೆ ಈ ವಾದವನ್ನು ಒಪ್ಪಿದರೆ ಲೋಕದ ಯಾವ ತಪ್ಪಿಗೂ ಹೊಣೆಗಾರರೇ ಇರುವುದಿಲ್ಲ. ಪ್ರತಿಯೊಂದಕ್ಕೂ ಪಕ್ಕದ ಮಳಿಗೆ ಇದ್ದೇ ಇರುತ್ತದೆ. ಕೊಳ್ಳುವ ಇರಾದೆಯಿಲ್ಲದೆ ಹರಾಜಿನಲ್ಲಿ ಬೆಲೆ ಏರಿಸಿ ಇತರರನ್ನು ಮರುಳು ಮಾಡುವ ‘ನಜ್ಶ್’ ಅನ್ನು ಪ್ರವಾದಿ(ಸ)ರು ನಿಷೇಧಿಸಿದರು. ಅಲ್ಲಿ ಸರಕು ಅವನದಲ್ಲ, ವ್ಯಾಪಾರವೂ ಅವನದಲ್ಲ. ಅವನದು ಮರುಳು ಮಾಡಿದ ಬಾಯಿ ಮಾತ್ರ. ನಿಷೇಧ ಬಂದದ್ದು ಆ ಬಾಯಿಗೇ. ಇಮಾಮ್ ಅಬೂ ಹನೀಫಾ(ರ) ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯನ್ನು ಅವರ ಪಾಲುದಾರರು ಹೇಳಲು ಮರೆತು ಮಾರಿದಾಗ, ಬಂದ ಹಣವನ್ನೆಲ್ಲ ಅವರು ದಾನ ಮಾಡಿದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಕಾಯಕ ಶುದ್ಧವಾಗಿರದೆ ಅದರ ಫಲ ಶುದ್ಧವಾಗದೆಂದು ಈ ನಾಡಿನ ಶರಣರೂ ಬಗೆದಿದ್ದರು. ದುಡಿಮೆಯ ‘ಬರಕತ್’ ಎಂದು ನಾವು ಕರೆಯುವುದು ಇದನ್ನೇ.

ಸಣ್ಣ ಊರಿನ ಏಜೆನ್ಸಿಯ ಹೊಣೆ ದೊಡ್ಡ ಕಂಪೆನಿಯದಕ್ಕಿಂತ ಕಡಿಮೆಯಲ್ಲ, ಹೆಚ್ಚು ಎನ್ನಲು ಇನ್ನೊಂದು ಕಾರಣವಿದೆ. ಮುಂಬೈಯಲ್ಲಿ ಕುಳಿತು ಜಾಹೀರಾತು ಬರೆಯುವವನಿಗೆ ಓದುವವನ ಮುಖ ಗೊತ್ತಿಲ್ಲ. ಇಲ್ಲಿನವನಿಗೆ ಇಬ್ಬರ ಮುಖವೂ ಗೊತ್ತು. ನಿವೇಶನವಾಗಿ ಮಾರಾಟಕ್ಕಿಟ್ಟ ಹೊಲ ಇನ್ನೂ ಕೃಷಿಯೇತರವಾಗಿ ಪರಿವರ್ತನೆಯಾಗಿಲ್ಲವೆಂದು ಅವನು ಚಹಾದಂಗಡಿಯಲ್ಲೇ ಕೇಳಿರುತ್ತಾನೆ. ಅದನ್ನು ಕೊಳ್ಳಲು ಹೊರಟವನು ಅವನ ಸೋದರಮಾವನೇ ಇರಬಹುದು. ಮಾವ ಬಂದು ಕೇಳಿದರೆ “ಅದು ಬ್ಯಾಡ ಮಾವಾ” ಎಂದು ಪಿಸುಗುಟ್ಟುವವನು, ಅದೇ ನಿವೇಶನವನ್ನು ಊರಿಗೆಲ್ಲ ‘ಸುವರ್ಣಾವಕಾಶ’ವೆಂದು ಸಾರುವುದು ಹೇಗೆ? ಎಲ್ಲವನ್ನೂ ತನಿಖೆ ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಗೊತ್ತಿರುವುದನ್ನು ಗೊತ್ತಿಲ್ಲದಂತೆ ನಟಿಸಬಾರದು, ಅಷ್ಟೇ. ಮಾವನಿಗೆ ಹೇಳಲಾರದ್ದನ್ನು ಮಂದಿಗೂ ಹೇಳದಿರುವುದು ಒಂದು ಸರಳ ಅಳತೆಗೋಲು.

ಈ ಅಳತೆಗೋಲು ಸರಕಿಗೆ ಮಾತ್ರ ಸೀಮಿತವಲ್ಲ. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರುಗಳು ಎದ್ದವು. ಯಾರು ಹಾಕಿಸಿದರೆಂಬ ಚರ್ಚೆ ನಡೆಯಿತು. ಆದರೆ ಯಾವುದೋ ಮಳಿಗೆಯಲ್ಲಿ ಯಾರೋ ಆ ಅಕ್ಷರಗಳನ್ನು ಜೋಡಿಸಿದ್ದರು, ಬಣ್ಣ ಆರಿಸಿದ್ದರು, ಬಿಲ್ಲು ಬರೆದಿದ್ದರು. ನಾಳೆ ಇನ್ನೊಂದು ಧರ್ಮದವರನ್ನು ಹೀಯಾಳಿಸುವ ಆರ್ಡರನ್ನು ನಮ್ಮವರೇ ತಂದರೆ, ನಮ್ಮ ಹುಡುಗ ಏನು ಮಾಡಬೇಕು? ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ಅತಿರೇಕಕ್ಕೆ ದೂಡದಿರಲಿ ಎನ್ನುವ ಕುರ್‌ಆನಿನ ಆದೇಶ, ಒಳಿತಿನಲ್ಲಿ ನೆರವಾಗಿ, ಪಾಪದಲ್ಲಿ ನೆರವಾಗಬೇಡಿ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತದೆ. ಅಲ್ಲಿ ‘ನೆರವು’ ಎಂಬ ಪದಕ್ಕೆ ಕೂಲಿಗೆ ಮಾಡಿದ ನೆರವೂ ಸೇರುತ್ತದೆ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳ ಬಂಡೆಗಳ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. ಈ ನೆಲದಲ್ಲಿ ಸಾರ್ವಜನಿಕರಿಗಾಗಿ ಬರೆದ ಅತ್ಯಂತ ಹಳೆಯ ಪ್ರಕಟಣೆಗಳಲ್ಲಿ ಅವು ಸೇರಿವೆ. ಧರ್ಮದ ಸಾಧನೆ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಿಸಿದರೆ ಚಿಕ್ಕವರಿಗೂ ಸಾಧ್ಯವೆಂಬುದು ಅವುಗಳ ಸಾರ. ಹೇಳಿದವನು ಯಾರೆಂಬುದನ್ನು ಅವು ‘ದೇವಾನಾಂಪ್ರಿಯ’ ಎಂಬ ಬಿರುದಿನಲ್ಲಿ ಮುಚ್ಚುಮರೆಯಿಲ್ಲದೆ ಸಾರಿವೆ. ಫ್ಲೆಕ್ಸಿನ ಮೂಲೆಯಲ್ಲಿ ನಮ್ಮ ಮಳಿಗೆಗಳ ಹೆಸರೂ ಹಾಗೆಯೇ ಧೈರ್ಯವಾಗಿ ಇರಲಿ. ಹೆಸರು ಹಾಕಲು ಯಾವುದು ಅಳುಕು ಹುಟ್ಟಿಸುತ್ತದೋ ಅದನ್ನು ಅಚ್ಚಿಗೆ ಹಾಕದಿರೋಣ. ಅದರಿಂದ ತಿಂಗಳಿಗೆ ಒಂದೆರಡು ಆರ್ಡರು ಕೈತಪ್ಪಬಹುದು. ಆದರೆ ‘ಆ ಮಳಿಗೆಯವರು ಹಾಕಿದ್ದಾರೆಂದರೆ ನಿಜವಿರಬೇಕು’ ಎಂದು ಊರು ಮಾತಾಡಿಕೊಳ್ಳುವಂತಾದರೆ, ಅದಕ್ಕಿಂತ ದೊಡ್ಡ ಬಂಡವಾಳ ಈ ವೃತ್ತಿಗೆ ಬೇರೇನಿದೆ?