ಪಶ್ಚಾತ್ತಾಪ: ಬರೀ ಕಣ್ಣೀರು ಸಾಕೇ?

ಬೆಟ್ಟ ಹತ್ತಿ ಬರುವ ಭಕ್ತರ ಕೈಯಲ್ಲಿ ಮೇಣದ ಬತ್ತಿಯೋ ಹೂವೋ ಕಾಣಿಕೆಯೋ ಇರುತ್ತದೆ. ಕೆಲವರ ಎದೆಯ ಮೇಲೆ ಯಾರ ಕಣ್ಣಿಗೂ ಬೀಳದ ಒಂದು ಮೂಟೆಯೂ ಇರುತ್ತದೆ. ತಮ್ಮನ ಪಾಲಿನ ಜಮೀನು ಒತ್ತಿಕೊಂಡದ್ದು, ನೆರೆಮನೆಯ ಹೆಣ್ಣುಮಗಳ ಬಗ್ಗೆ ಇಲ್ಲಸಲ್ಲದ ಮಾತಾಡಿದ್ದು, ಮುಪ್ಪಿನ ತಾಯಿಯನ್ನು ಒಂಟಿಯಾಗಿ ಬಿಟ್ಟದ್ದು. ‘ದೇವರೇ, ತಪ್ಪಾಯ್ತು’ ಅಂತ ಅತ್ತು, ಹುಂಡಿಗೆ ಒಂದಿಷ್ಟು ಹಾಕಿ ಹೋದರೆ ಆ ಮೂಟೆ ಇಳಿಯುತ್ತದೆಯೇ?

ಯೇಸುಸ್ವಾಮಿ ಬೆಟ್ಟದ ಮೇಲೆ ಮಾಡಿದ ಬೋಧನೆಯಲ್ಲೇ ಇದಕ್ಕೆ ಉತ್ತರವಿದೆ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತವನಿಗೆ, ತನ್ನಿಂದ ಸೋದರನ ಮನಸ್ಸು ನೊಂದಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಬೇಕು, ಅರ್ಪಣೆ ಆಮೇಲೆ. ಕೇಳುತ್ತಿದ್ದವರಲ್ಲಿ ಬಹಳ ಮಂದಿ ಗಲಿಲೇಯದವರು. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ, ಹಲವು ದಿನಗಳ ಕಾಲ್ನಡಿಗೆಯ ದೂರದಲ್ಲಿ. ಅಷ್ಟು ದೂರ ಬಂದವನು ಕಾಣಿಕೆ ಬಿಟ್ಟು ಹಿಂದಿರುಗಬೇಕು ಅಂದರೆ ಆ ಮಾತಿನ ಭಾರ ಎಷ್ಟೆಂದು ಯಾತ್ರೆ ಮಾಡಿದವರಿಗೇ ಗೊತ್ತು.

ಜೆರಿಕೊ ಪಟ್ಟಣದ ಜಕ್ಕಾಯ ಸುಂಕದವರ ಮುಖ್ಯಸ್ಥ, ಊರಿಗೆಲ್ಲ ಬೇಡವಾದವನು. ಕುಳ್ಳನಾದ್ದರಿಂದ ಯೇಸುವನ್ನು ನೋಡಲು ಅತ್ತಿಮರ ಹತ್ತಿದ. ಯೇಸು ಅವನಿಂದ ಲೆಕ್ಕ ಕೇಳಲಿಲ್ಲ. ‘ಇವತ್ತು ನಿನ್ನ ಮನೆಯಲ್ಲೇ ಇರ್ತೀನಿ’ ಅಂದರು. ಮೊದಲು ಬಂದದ್ದು ಕೃಪೆ. ಆ ಕೃಪೆ ಮನೆಯೊಳಗೆ ಬಂದ ಮೇಲೆ ಜಕ್ಕಾಯನ ಕೈ ತಾನಾಗಿ ಬಿಚ್ಚಿಕೊಂಡಿತು. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ಸು! ತಪ್ಪೊಪ್ಪಿಕೊಂಡವನು ಪೂರ್ತಿ ಹಿಂದಿರುಗಿಸಿ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಯಾಜಕಕಾಂಡ ಹೇಳುತ್ತದೆ. ಜಕ್ಕಾಯ ಸಾಕೆಂಬ ಲೆಕ್ಕವನ್ನೇ ಮರೆತ.

ಕ್ಷಮೆಯನ್ನು ದುಡ್ಡು ಕೊಟ್ಟು ಕೊಳ್ಳಲಾಗದು. ಆದರೆ ಕ್ಷಮೆ ಪಡೆದವನು ಸುಮ್ಮನೆ ಕೂರಲೂ ಆಗದು. ಪಾಪನಿವೇದನೆಯಲ್ಲಿ ಪಾಪ ಪರಿಹಾರವಾದರೂ ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದೇ ಧರ್ಮಸಭೆ ಕಲಿಸುತ್ತದೆ.

ಹಾಗಾದರೆ ಹಿಂದಿರುಗಿಸಿದರೆ ಎಲ್ಲ ಮುಗಿಯಿತೇ? ಯೂದನೂ 30 ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಆದರೆ ಕ್ಷಮೆಯುಂಟು ಎಂಬ ಭರವಸೆ ಕಳಕೊಂಡು ಜೀವವನ್ನೇ ಕಳಕೊಂಡ. ಪೇತ್ರ ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ, ಬಿಕ್ಕಿಬಿಕ್ಕಿ ಅತ್ತ, ಆದರೂ ಗುರುವಿನ ಬಳಿಗೇ ತಿರುಗಿ ಬಂದ. ಯೇಸು ತಮ್ಮ ಮಂದೆಯನ್ನು ಅವನಿಗೇ ಒಪ್ಪಿಸಿದರು. ತಪ್ಪಿನ ಅರಿವು ದೇವರ ಕಡೆಗೆ ನಡೆಸಬೇಕು, ಹಗ್ಗದ ಕಡೆಗಲ್ಲ.

ಹಿಂದಿರುಗಿಸಲಾಗದ ತಪ್ಪುಗಳೂ ಉಂಟು. ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಆದರೂ ಆಮೇಲೆ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಹಡಗುಗಳಿಗೆ ಕಪ್ತಾನನಾದ! 1754ರಲ್ಲಿ ಕಾಯಿಲೆ ಬಿದ್ದು ಕಡಲು ಬಿಟ್ಟ, ಮುಂದೆ ಪಾದ್ರಿಯಾದ. ಸಾಗಿಸಿದವರನ್ನು ಅವರ ಊರಿಗೆ ಮುಟ್ಟಿಸಲು ಸಾಧ್ಯವಿರಲಿಲ್ಲ. ತಡವಾಗಿಯಾದರೂ 1788ರಲ್ಲಿ ತನ್ನ ಪಾಲನ್ನು ಒಪ್ಪಿಕೊಂಡು, ಕಂಡ ಕ್ರೌರ್ಯವನ್ನು ಅಚ್ಚು ಹಾಕಿಸಿ ಲೋಕಕ್ಕೆ ತಿಳಿಸಿದ. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಆತ ತೀರಿಕೊಂಡ. ನೊಂದವರಿಗೆ ಕೊಡಲಾಗದಿದ್ದರೂ ಅವರಂತೆ ಮತ್ತೊಬ್ಬರು ನೋಯದ ಹಾಗೆ ದುಡಿಯಬಹುದು.

ಬೆಟ್ಟ ಹತ್ತುವುದು ಕಷ್ಟವಲ್ಲ. ಇಳಿದು ಹೋಗಿ ಆ ಒಂದು ಮನೆಯ ಬಾಗಿಲು ತಟ್ಟುವುದೇ ಕಷ್ಟ. ಆ ಮನೆಯವರು ಬಯ್ಯಬಹುದು, ಬಾಗಿಲು ಹಾಕಿಬಿಡಬಹುದು. ಅದನ್ನೂ ತಾಳಿಕೊಳ್ಳಬೇಕು, ಕ್ಷಮಿಸಿ ಎಂದು ಒತ್ತಾಯಿಸುವ ಹಕ್ಕು ತಪ್ಪು ಮಾಡಿದವರಿಗಿಲ್ಲ. ಇಲ್ಲಿ ಹಚ್ಚಿದ ಮೇಣದ ಬತ್ತಿ ಸಂಜೆಗೆ ಕರಗಿ ಹೋಗುತ್ತದೆ. ಅದರ ಬೆಳಕು ಆ ಬಾಗಿಲ ತನಕ ದಾರಿ ತೋರಿದರೆ ಯಾತ್ರೆ ಸಾರ್ಥಕ. ದೇವರು ಆ ಧೈರ್ಯವನ್ನು ಎಲ್ಲರಿಗೂ ಕೊಡಲಿ.