ಮನಸ್ಸಿನ ತರಬೇತಿ: ಹೊಣೆ ಯಾರದು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಹಿರಿಯರ ಮಾತು ಮನಸ್ಸಿಗೂ ಸಲ್ಲುತ್ತದೆ. ವ್ಯಾಧಿ ಬಂದ ಬಳಿಕ ಔಷಧವನ್ನು ಅರಸುವುದಕ್ಕಿಂತ ಮೊದಲೇ ಮನಸ್ಸನ್ನು ಪಳಗಿಸಬಾರದೇಕೆ? ಈ ವಿಚಾರದಿಂದಲೇ ಮನಶ್ಶಾಸ್ತ್ರೀಯ ತರಬೇತಿಯು ಶಾಲೆಗಳನ್ನೂ ಕಚೇರಿಗಳನ್ನೂ ಪ್ರವೇಶಿಸಿದೆ. ಆದರೆ ತರಬೇತಿ ಪಡೆದವನೇ ಮುಂದೆ ಕುಗ್ಗಿದರೆ ಆ ಹೊಣೆ ಯಾರದೆಂಬ ನೈತಿಕ ಪ್ರಶ್ನೆಯೂ ಅದರೊಡನೆ ಹುಟ್ಟಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಹಾಗೂ ಅವರ ಸಂಗಡಿಗರು ಮಕ್ಕಳಿಗಾಗಿ ಇಂತಹ ಪಾಠಕ್ರಮವೊಂದನ್ನು ರೂಪಿಸಿದರು. ಪರೀಕ್ಷೆಯಲ್ಲಿ ಸೋತ ಬಾಲಕನು ತಾನು ಯಾವುದಕ್ಕೂ ಬಾರದವನೆಂದು ಬಗೆದರೆ, ಆ ಎಣಿಕೆಗೆ ಆಧಾರವೇನೆಂದು ತಾನೇ ವಿಚಾರಿಸುವುದನ್ನು ಅದು ಕಲಿಸುತ್ತದೆ. ಇಂತಹ 17 ಪ್ರಯೋಗಗಳನ್ನು ಒಟ್ಟಾಗಿ ತೂಗಿದ 2009ರ ವಿಮರ್ಶೆಯು ಖಿನ್ನತೆಯ ಲಕ್ಷಣಗಳು ತಗ್ಗಿದುದನ್ನು ಕಂಡಿತು. ಆದರೆ ಆ ಪ್ರಯೋಜನವು ಅಲ್ಪವೇ ಆಗಿತ್ತು. ಬ್ರಿಟನ್ನಿನಲ್ಲಿ 85 ಶಾಲೆಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಧ್ಯಾನಮೂಲದ ಮನೋಜಾಗೃತಿಯ ಶಿಕ್ಷಣವನ್ನೂ ಮತ್ತೊಂದಕ್ಕೆ ಎಂದಿನ ಪಾಠವನ್ನೂ ಕೊಟ್ಟರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಂದಿನ ಪಾಠಕ್ಕಿಂತ ಆ ಶಿಕ್ಷಣವು ಮೇಲೆನಿಸಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಸಿಸಿಯೇ ಇರಲಿಲ್ಲ. ಅದೊಂದೇ ಕಾರಣವೆನ್ನಲಾಗದು. ಆದರೂ ತಾನಾಗಿ ಒಪ್ಪಿ ಹಿಡಿದ ನಿಯಮಕ್ಕೂ ಹೊರಗಿನಿಂದ ಹೇರಿದ ನಿಯಮಕ್ಕೂ ಇರುವ ಅಂತರವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಕಲಿಸಿದ್ದೇ ಆರೋಪವಾಗಿ ತಿರುಗಬಹುದು. "ಇಷ್ಟೆಲ್ಲ ಹೇಳಿಕೊಟ್ಟರೂ ಮನಸ್ಸು ಗಟ್ಟಿಮಾಡಿಕೊಳ್ಳಲಿಲ್ಲವೇ?" ಎಂಬ ಮಾತು ರೋಗಿಗೆ ಎರಡನೆಯ ನೋವು. ಮನೋವ್ಯಾಧಿಗೆ ಅನುವಂಶಿಕತೆ, ಅಗಲಿಕೆ, ಸಾಲ, ಹಿಂಸೆ ಮುಂತಾದ ಅನೇಕ ಕಾರಣಗಳುಂಟು. ಹೆರಿಗೆಯ ನಂತರ ಸೊಸೆಯು ನಿದ್ದೆಗೆಟ್ಟು ಮಂಕಾಗಿ ಕುಳಿತರೆ ಅವಳಿಗೆ ಬೇಕಾದುದು ಉಪದೇಶವಲ್ಲ, ವೈದ್ಯರು. ನೌಕರರಿಂದ ಮಿತಿಮೀರಿ ದುಡಿಸಿಕೊಂಡು ಅವರಿಗೆ ಸಹನೆಯ ಪಾಠ ಹೇಳಿಸುವ ಒಡೆಯನು ತನ್ನ ಕರ್ತವ್ಯದಿಂದ ನುಣುಚಿಕೊಳ್ಳುತ್ತಾನೆ.

ಆದುದರಿಂದ ತರಬೇತಿ ಕೊಡುವವನಿಗೆ ತನ್ನ ಎಲ್ಲೆಯ ಅರಿವಿರಬೇಕು. ಪ್ರಾಣ ಕಳೆದುಕೊಳ್ಳುವ ಮಾತು ಕೇಳಿಬಂದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

ಅಭ್ಯಾಸದ ಪ್ರಯತ್ನವು ಅವರವರದು. ಆದರೆ ವ್ಯಾಧಿಯು ಯಾರ ಅಪರಾಧವೂ ಅಲ್ಲ. ಕಲಿಸುವ ಮನೆಯವರೇ ಕುಗ್ಗಿದವನ ಕೈಹಿಡಿಯಲೂ ಸಿದ್ಧರಿರಬೇಕು. ಆ ಸಿದ್ಧತೆಯಿಲ್ಲದವರಿಗೆ ಇನ್ನೊಬ್ಬರ ಮನಸ್ಸನ್ನು ತಿದ್ದುವ ಅಧಿಕಾರವಿಲ್ಲ.