ಪೊಟ್ಟಣದ ಆಯಸ್ಸು, ಕಸ ಎತ್ತುವವರ ಆಯಸ್ಸು

ಒಂದೆರಡು ರೂಪಾಯಿಯ ಶಾಂಪೂ ಪೊಟ್ಟಣಕ್ಕೂ ಹುಟ್ಟು, ಬದುಕು, ಸಾವು ಇದೆ. ನೆಲದಾಳದ ಎಣ್ಣೆಯಿಂದ ಪ್ಲಾಸ್ಟಿಕ್ಕಿನ ಪದರ, ಅದಕ್ಕೆ ಲೋಹದ ತೆಳು ಲೇಪ, ಮೇಲೆ ಬಣ್ಣದ ಅಕ್ಷರ. ಬಚ್ಚಲಲ್ಲಿ ಹರಿದು ಬಿಸಾಡಲು ಒಂದು ಗಳಿಗೆ ಸಾಕು. ಆಮೇಲೆ ಅದು ಬೀದಿ, ಚರಂಡಿ, ಲಾರಿ, ತಿಪ್ಪೆ ಅಂತ ಅಲೆಯುತ್ತದೆ. ಈ ಇಡೀ ದಾರಿಯಲ್ಲಿ ಎಷ್ಟು ಎಣ್ಣೆ, ಎಷ್ಟು ನೀರು, ಎಷ್ಟು ಕರೆಂಟು ಖರ್ಚಾಯಿತು, ಎಷ್ಟು ಹೊಗೆ ಎದ್ದಿತು ಅಂತ ಲೆಕ್ಕ ಹಾಕುವ ವಿದ್ಯೆಗೆ ಜೀವನಚಕ್ರ ವಿಶ್ಲೇಷಣೆ ಎಂದು ಹೆಸರು. 1969ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿ ತನ್ನ ಪಾನೀಯದ ಡಬ್ಬಿ, ಬಾಟಲಿಗಳನ್ನು ಹೋಲಿಸಲು ಮಾಡಿಸಿದ ಅಧ್ಯಯನ ಇದರ ಮೊದಮೊದಲ ಹೆಜ್ಜೆಗಳಲ್ಲಿ ಒಂದು. ಈಗ ಐಎಸ್ಒ 14040 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದಕ್ಕಿದೆ. ನಗರದ ಪೊಟ್ಟಣದ ಕಸವನ್ನು ಹೂಳಬೇಕೋ, ಸುಡಬೇಕೋ, ಕರಗಿಸಿ ಮತ್ತೆ ಬಳಸಬೇಕೋ ಎಂಬ ಪ್ರಶ್ನೆ ಬಂದಾಗ ತಜ್ಞರು ಈ ಲೆಕ್ಕವನ್ನು ಮುಂದಿಡುತ್ತಾರೆ.

ನಾವು ಈ ವಿದ್ಯೆಯನ್ನು ಹೀಯಾಳಿಸುವವರಲ್ಲ. ಮೂಢನಂಬಿಕೆ ಒಡೆಯುವ ಯಾವ ವಿದ್ಯೆಯೂ ನಮ್ಮದೇ. ಬಟ್ಟೆ ಚೀಲ ಹಿಡಿದ ಕೂಡಲೇ ಭೂಮಿ ಉಳಿಯಿತು ಅಂತ ನಂಬಿದವರಿಗೆ 2018ರ ಡೆನ್ಮಾರ್ಕಿನ ಅಧ್ಯಯನವೊಂದು ಬೇರೆಯೇ ಮಾತು ಹೇಳಿತು. ಎಲ್ಲಾ ಬಗೆಯ ಹಾನಿಯನ್ನೂ ಹಿಡಿದರೆ, ಹತ್ತಿ ಚೀಲವನ್ನು ಸಾವಿರಾರು ಸಲ ಬಳಸಿದರೆ ಮಾತ್ರ ಅದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಂತೆ. ಆದರೆ ಬೀದಿಗೆ, ಕಡಲಿಗೆ ಬಿದ್ದ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕದೊಳಗೆ ಇರಲಿಲ್ಲ. ಅಂದರೆ ಉತ್ತರ ಯಾವುದು ಬರುತ್ತದೆ ಎಂಬುದು ಗಡಿಯನ್ನು ಎಲ್ಲಿ ಹಾಕಿದಿರಿ ಎಂಬುದರ ಮೇಲೆ ನಿಂತಿದೆ.

ಗಡಿ ಎಂಬ ಮಾತು ನಮಗೇನೂ ಹೊಸದಲ್ಲ. ಊರು ಎಲ್ಲಿ ಮುಗಿಯುತ್ತೆ, ಕೇರಿ ಎಲ್ಲಿ ಶುರುವಾಗುತ್ತೆ ಅನ್ನೋದು ನಮ್ಮ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಗೊತ್ತಾಗುತ್ತೆ. ಸತ್ತ ದನ ಹೊರುವಾಗ ಕೇರಿ ಊರಿನ ಒಳಗೆ, ನೀರು ಸೇದುವಾಗ ಹೊರಗೆ. ಕಸದ ಲೆಕ್ಕದಲ್ಲೂ ಇದೇ ನಡೆದಿದೆ. ಲಾರಿ ಕುಡಿದ ಡೀಸೆಲ್ ಲೆಕ್ಕದ ಒಳಗೆ; ಆ ಲಾರಿಗೆ ಕಸ ತುಂಬಿದ ತೋಳು ಲೆಕ್ಕದ ಹೊರಗೆ. ಯಂತ್ರ ಸವೆದದ್ದನ್ನು ಬರೆದರೂ ಬರೆದಾರು, ಬೆನ್ನು ಸವೆದದ್ದನ್ನು ಬರೆಯುವುದಿಲ್ಲ.

ಇನ್ನೊಂದು ಚೋದ್ಯ ನೋಡಿ. ಕಸ ವಿಲೇವಾರಿಯ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಕಸವು 'ಸೊನ್ನೆ ಹೊರೆ'ಯೊಂದಿಗೆ ಬರುತ್ತದೆ ಎಂದು ಹಿಡಿಯುತ್ತಾರೆ. ಹೂಳಿದರೂ ಸುಟ್ಟರೂ ಅದರ ಹಿಂದಿನ ಕಥೆ ಒಂದೇ ತಾನೆ, ಹಾಗಾಗಿ ಅದನ್ನು ಬಿಟ್ಟರೆ ಹೋಲಿಕೆ ಕೆಡುವುದಿಲ್ಲ ಎಂಬುದು ಅವರ ವಾದ. ಗಣಿತಕ್ಕೆ ಅದು ಸರಿ. ನ್ಯಾಯಕ್ಕೆ? ಪೊಟ್ಟಣವನ್ನು ಯಾರು ಮಾಡಿದರು, ಯಾಕೆ ಮಾಡಿದರು, ಮಾಡದೇ ಇರಬಹುದಿತ್ತೇ ಎಂಬ ಪ್ರಶ್ನೆಯೇ ಬಿದ್ದುಹೋಯಿತು. ಕಸಕ್ಕೆ ಪೂರ್ವಜನ್ಮ ಇಲ್ಲ ಎಂದರು. ಅದನ್ನು ಎತ್ತುವವನಿಗೆ ಮಾತ್ರ ಈ ದೇಶ ಸಾವಿರಾರು ವರ್ಷಗಳಿಂದ ಪೂರ್ವಜನ್ಮ ಅಂಟಿಸಿಕೊಂಡು ಬಂದಿದೆ. ಕಂಪನಿಯ ಕರ್ಮ ಸೊನ್ನೆ, ಪೌರಕಾರ್ಮಿಕನ ಕರ್ಮ ಹುಟ್ಟಿನಿಂದಲೇ ಹೊರೆ!

ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯಿತು. 2012ರಲ್ಲಿ ಅಲ್ಲಿ ನಿಂತಾಗ ಮಂಡೂರಿನ ಮೇಲೆ ಭಾರ ಬಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತರು. ಲೆಕ್ಕದ ಹಾಳೆಯಲ್ಲಿ ಇಂಥ ಊರುಗಳಿಗೆ ಹೆಸರಿರುವುದಿಲ್ಲ. 'ಹೂಳುವ ಜಾಗ' ಅಂತ ಇರುತ್ತದೆ. ಟನ್ನಿಗೆ ಎಷ್ಟು ಮಿಥೇನ್ ಅಂತ ಇರುತ್ತದೆ. ನೊಣ ಮುತ್ತಿದ ಅನ್ನದ ತಟ್ಟೆ ಯಾವ ಕಾಲಮ್ಮಿಗೂ ಬರುವುದಿಲ್ಲ.

ಕಾನೂನಿನ ಕಥೆಯೂ ಕೇಳಿ. ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ಹಂತಹಂತವಾಗಿ ನಿಲ್ಲಿಸಬೇಕು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳಿತ್ತು. 2018ರ ತಿದ್ದುಪಡಿ ಬಾಗಿಲು ತೆರೆಯಿತು: ಸುಟ್ಟು ಶಾಖ ಪಡೆಯಲು ಬಂದರೂ, ಬೇರೆ ಯಾವುದಾದರೂ ಉಪಯೋಗವಿದ್ದರೂ ಆ ಪೊಟ್ಟಣ ಬದುಕಿಕೊಂಡಿತು. ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಕಲ್ಲಿದ್ದಲಿನ ಬದಲು ಸುಟ್ಟರೆ, ಉಳಿದ ಕಲ್ಲಿದ್ದಲು ಲಾಭದ ಖಾತೆಗೆ. ಆದರೆ ಕುಲುಮೆಯವರೆಗೆ ಅದನ್ನು ಮುಟ್ಟಿಸುವವರು ಯಾರು? ಗುಜರಿಯವನು ನೀರಿನ ಬಾಟಲಿಗೆ ಕಾಸು ಕೊಡುತ್ತಾನೆ, ಈ ಪೊಟ್ಟಣಕ್ಕೆ ಕೊಡೋದಿಲ್ಲ. ಲೆಕ್ಕದಲ್ಲಿ ಪೊಟ್ಟಣ ಹಗುರವಾದಷ್ಟೂ ಅಂಕ ಹೆಚ್ಚು, ಸಾಗಿಸಲು ಎಣ್ಣೆ ಕಮ್ಮಿ. ಆಯುವ ಕೈಗೆ ಹಗುರವೇ ಭಾರ. ಒಂದೊಂದೂ ಎರಡು ಗ್ರಾಂ ಅಂತಿಟ್ಟುಕೊಳ್ಳಿ, ಒಂದು ಕಿಲೋ ಕೂಡಿಸಲು 500 ಸಲ ಬಗ್ಗಬೇಕು.

ತಜ್ಞರು ಹೇಳಬಹುದು: ಮನುಷ್ಯರ ವಿಚಾರಕ್ಕೆ ಬೇರೆ ಲೆಕ್ಕವಿದೆ. ನಿಜ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2009ರಲ್ಲೇ ಸಾಮಾಜಿಕ ಜೀವನಚಕ್ರ ವಿಶ್ಲೇಷಣೆಗೆ ಮಾರ್ಗಸೂಚಿ ತಂದಿತು, 2020ರಲ್ಲಿ ಪರಿಷ್ಕರಿಸಿತು. ಕೂಲಿ, ಆರೋಗ್ಯ, ತಾರತಮ್ಯದ ಪ್ರಶ್ನೆಗಳು ಅದರಲ್ಲಿವೆ. ಒಳ್ಳೆಯದೇ. ಆದರೆ ಹೊಗೆಗೊಂದು ಲೆಕ್ಕ, ಮನುಷ್ಯರಿಗೆ ಇನ್ನೊಂದು ಲೆಕ್ಕ ಅಂತ ಇಟ್ಟು, ತೀರ್ಮಾನವನ್ನು ಮೊದಲನೆಯದರ ಮೇಲೇ ಮಾಡಿದರೆ ಅದು ಊರಿಗೊಂದು ಬಾವಿ, ಕೇರಿಗೊಂದು ಬಾವಿ ತೋಡಿದ ಹಾಗೆಯೇ.

ಹಾಗಾದರೆ ಪೌರಕಾರ್ಮಿಕ ತಾಯಿಯ ಬೆನ್ನುನೋವನ್ನೂ ಇಂಗಾಲದ ಕಿಲೋಗಳಲ್ಲಿ ಬರೆಯಬೇಕೆ? ಬೇಡ. ನೋವನ್ನು ಅಂಕಿ ಮಾಡಿದ ದಿನವೇ ಅದು ವ್ಯಾಪಾರಕ್ಕೆ ಬೀಳುತ್ತದೆ. ಇಷ್ಟು ಹೊಗೆ ಉಳಿಯಿತು, ಇಷ್ಟು ನೋವಾಯಿತು, ಕಳೆದರೆ ಲಾಭವೇ ಅಂದುಬಿಡುತ್ತಾರೆ. ಮನುಷ್ಯರ ಘನತೆ ತಕ್ಕಡಿಯಲ್ಲಿ ಹಾಕುವ ಬಟ್ಟಲ್ಲ. ತಕ್ಕಡಿ ಎತ್ತುವ ಮೊದಲೇ ಒಪ್ಪಬೇಕಾದ ಷರತ್ತು ಅದು. ಬರಿಗೈಯನ್ನು ಹೊಲಸಿಗೆ ಹಾಕಿಸುವ ಯಾವ ವಿಧಾನವೂ, ಎಷ್ಟೇ ಕಡಿಮೆ ಹೊಗೆಯದಾಗಿರಲಿ, ಹೋಲಿಕೆಯ ಪಟ್ಟಿಗೇ ಬರಬಾರದು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಬೇರೆ ವಿಧಾನ ಅಗ್ಗ ಅಂತ ಅಲ್ಲ. ಅದು ಮನುಷ್ಯರು ಮನುಷ್ಯರಿಂದ ಮಾಡಿಸುವ ಕೆಲಸ ಅಲ್ಲ, ಅದಕ್ಕೆ.

ಗೆಳೆಯರೇ, ನಿಮ್ಮೂರಿನ ಪುರಸಭೆ ಇಂಥದೊಂದು ವರದಿ ಹಿಡಿದು ಬಂದರೆ ಅಂಕಿಗಳಿಗೆ ಹೆದರಬೇಡಿ. ಶಾಲೆಯಲ್ಲಿ ಮಕ್ಕಳ ಮುಂದೆ ಅದನ್ನು ಬಿಡಿಸಿ ಓದಿ. ಗಡಿ ಎಲ್ಲಿಂದ ಎಲ್ಲಿಯವರೆಗೆ? ಪೊಟ್ಟಣ ಮಾಡಿದವನು ಒಳಗಿದ್ದಾನೋ ಹೊರಗೋ? ಪೊಟ್ಟಣವೇ ಇಲ್ಲದ ದಾರಿಯನ್ನು ಹೋಲಿಕೆಗೆ ಇಟ್ಟಿದ್ದಾರೋ? ಕೈ ಹಾಕುವವರು ಯಾರು, ಅವರನ್ನು ಕೇಳಿದ್ದಾರೋ? ವರದಿ ಮುಗಿದ ಮೇಲೆ ಪೌರಕಾರ್ಮಿಕರನ್ನು ಕರೆದು ಹೂಹಾರ ಹಾಕುವುದು ನಮಗೆ ಬೇಕಿಲ್ಲ. ಗಡಿಯ ಗೆರೆ ಎಳೆಯುವ ದಿನವೇ ಅವರು ಆ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರಬೇಕು.